ಪಾರ್ವತಮ್ಮನ ಮರ ಹತ್ತಿದ ವೈಫೈ

ನನ್ನ ದೊಡ್ಡಮ್ಮ ಪಾರ್ವತಮ್ಮ ಸಿಟ್ಟಿನ ಹೆಂಗಸು ಎಂದು ಕೆ. ಹೊಸಕೋಟೆಯ ಸುತ್ತಮುತ್ತ ಎಲ್ಲರಿಗೂ ಗೊತ್ತಿತ್ತು. ಬಸ್ಸಿನಲ್ಲಿ ಹೆಂಗಸರ ಸೀಟು ಹಿಡಿದು ಕೂತ ಗಂಡಸರು ಅವರು ಮೆಟ್ಟಿಲು ಹತ್ತುವುದನ್ನು ಕಂಡರೆ ತಾವಾಗಿ ಏಳುತ್ತಿದ್ದರು. ಕಾಫಿ ವ್ಯಾಪಾರಿ ಅವರ ಮೂಟೆ ಬಂದ ದಿನ ತಕ್ಕಡಿಯ ಹತ್ತಿರ ತನ್ನ ಹುಡುಗರನ್ನು ಬಿಡದೆ ತಾನೇ ನಿಂತು ತೂಗುತ್ತಿದ್ದ. ಆದರೆ ಆ ಸಿಟ್ಟು ಎಲ್ಲಿಂದ ಬಂತು ಎಂದು ಕೇಳಿದವರು ಕಡಿಮೆ. 'ಹೆಂಗಸಿಗೆ ಇಷ್ಟೊಂದು ಸಿಟ್ಟು ಒಳ್ಳೇದಲ್ಲ' ಎಂದವರೇ ಜಾಸ್ತಿ. ಆ ಮಾತು ಕೇಳಿದರೆ ಈಗ ನನಗೂ ಮೈ ಉರಿಯುತ್ತದೆ.

ಅವರ ತೋಟ ನೇರಳೆಹಡ್ಲು ಎಂಬ ಸಣ್ಣ ಊರಿನ ಮೇಲಿನ ಗುಡ್ಡದಲ್ಲಿತ್ತು. ತೋಟ ಅಂದರೆ ಎರಡು ಎಕರೆಯೂ ತುಂಬದ ಜಾಗ. ಸುತ್ತ ಮೂರು ಕಡೆಗೂ ಹೊನ್ನಿಗುಡ್ಡ ಎಸ್ಟೇಟು. ಗುಡ್ಡದ ನೆತ್ತಿಯ ಮೇಲೆ ಬೆಣೆ ಹೊಡೆದ ಹಾಗೆ ಇವರ ತುಂಡು. ಅದು ದೊಡ್ಡಮ್ಮನಿಗೆ ಅವರ ತಾಯಿ, ಅಂದರೆ ನನ್ನ ಅಜ್ಜಿ ಮೀನಾಕ್ಷಮ್ಮನಿಂದ ಬಂದದ್ದು. ಅಜ್ಜಿ ಚಿಕ್ಕ ವಯಸ್ಸಿನಲ್ಲೇ ಗಂಡನನ್ನು ಕಳೆದುಕೊಂಡವಳು. ಅವಳ ಮೈದುನರು ಒಂದು ಬೇಸಿಗೆಯಲ್ಲಿ ಆಳುಗಳ ಜೊತೆ ಬಂದು ತೋಟದ ಹಲಸು, ಬೀಟೆ ಎಲ್ಲ ಉರುಳಿಸಿ ಎಳೆಸಿಕೊಂಡು ಹೋದರಂತೆ. ಅಜ್ಜಿಯನ್ನು ಒಂದು ಮಾತೂ ಕೇಳಲಿಲ್ಲ. ಬಿಸಿಲಲ್ಲಿ ದಣಿದಿದ್ದಾರೆ ಎಂದು ಅಜ್ಜಿಯೇ ಅವರಿಗೆ ಕಾಫಿ ಮಾಡಿ ಕೊಟ್ಟಳಂತೆ. ಆ ಕಾಫಿಯ ಲೋಟಗಳನ್ನು ತೊಳೆದವರು ಆಗ ಪುಟ್ಟ ಹುಡುಗಿಯಾಗಿದ್ದ ನನ್ನ ದೊಡ್ಡಮ್ಮ. "ನಮ್ಮವ್ವ ಬಾಯ್ಮುಚ್ಕೊಂಡಿದ್ದು ಸಾಕು, ನಾನು ಮುಚ್ಚಕಿಲ್ಲ" ಎಂದು ಅವರು ಎಷ್ಟೋ ಸಲ ನನ್ನೆದುರು ಹೇಳಿದ್ದಾರೆ.

ಅಜ್ಜಿ ಕೊನೆಗೆ ತೋಟವನ್ನು ಮಗಳ ಹೆಸರಿಗೇ ಮಾಡಿದಳು. ದೊಡ್ಡಪ್ಪ ದೇವೀರಪ್ಪ ಆ ಮನೆಗೆ ಮನೆ ಅಳಿಯನಾಗಿ ಬಂದವರು. ಒಳ್ಳೆಯ ಮನುಷ್ಯ, ಕಷ್ಟಜೀವಿ, ಯಾರಿಗೂ ಇಲ್ಲ ಎಂದು ಹೇಳಲು ಬಾರದವರು. ಯಾರು ಏನು ಹೇಳಿದರೂ "ಆಯ್ತು ಬುಡಿ" ಎನ್ನುವುದು ಅವರ ಅಭ್ಯಾಸ. ಮದುವೆಯಾದ ವರ್ಷ ಗುಡ್ಡದ ನೆತ್ತಿಯಲ್ಲಿ ದೊಡ್ಡಮ್ಮ ಕಾಫಿಗೆ ನೆರಳಾಗಲಿ ಎಂದು ಒಂದು ಸಿಲ್ವರ್ ಓಕ್ ಸಸಿ ನೆಟ್ಟು, ಅದು ಬೆಳೆದಂತೆ ಬುಡಕ್ಕೆ ಕಾಳುಮೆಣಸಿನ ಬಳ್ಳಿ ಹಬ್ಬಿಸಿದ್ದರು. ನಾನು ನೋಡುವ ಹೊತ್ತಿಗೆ ಆ ಮರಕ್ಕೆ ಸುತ್ತಲಿನ ಯಾವ ಮರವೂ ಸಮವಿರಲಿಲ್ಲ. ಕಾಂಡ ಕಾಣದ ಹಾಗೆ ಬಳ್ಳಿ ಮುಚ್ಚಿಕೊಂಡು, ದೂರದಿಂದ ಹಸಿರು ಕಂಬ ನಿಲ್ಲಿಸಿದ ಹಾಗಿರುತ್ತಿತ್ತು. ಕೂಲಿಯವರನ್ನು ಅದರ ಹತ್ತಿರ ಬಿಡುತ್ತಿರಲಿಲ್ಲ. ಅದರ ಮೆಣಸನ್ನು ದೊಡ್ಡಮ್ಮನೇ ಏಣಿ ಹಾಕಿ ಬಿಡಿಸುತ್ತಿದ್ದರು.

ಹೊನ್ನಿಗುಡ್ಡ ಎಸ್ಟೇಟಿನ ಸಾಹುಕಾರರ ಹೆಸರು ಮೋಹನ್. ತಂದೆ ತೀರಿಕೊಂಡ ಮೇಲೆ ತೋಟ ಕೈಗೆ ಬಂದಿತ್ತು. ಕಾಫಿ ಒಂದನ್ನೇ ನಂಬಿ ಕೂರುವ ಕಾಲ ಹೋಯಿತು ಎಂದು ಅವರು ಬಂಗಲೆಯನ್ನು ಹೋಂಸ್ಟೇ ಮಾಡಿದರು. ಅದು ಚೆನ್ನಾಗಿ ನಡೆದ ಮೇಲೆ ಗುಡ್ಡದ ಆಚೆ ಬದಿಯಲ್ಲಿ, ಹಳ್ಳದ ಪಕ್ಕ, ನಾಲ್ಕೈದು ಕಾಟೇಜು ಕಟ್ಟಿಸಿದರು. ಬಿಸಿಲೆ ಘಾಟಿಗೆ ಹೋಗಿ ಬರುವ ಬೆಂಗಳೂರಿನ ಜನ ಅಲ್ಲಿ ಉಳಿಯುತ್ತಿದ್ದರು. 2008ರ ಹೊತ್ತಿಗೆ ಅವರೆಲ್ಲ ಲ್ಯಾಪ್‌ಟಾಪ್ ಹೊತ್ತು ಬರತೊಡಗಿದ್ದರು. ಬಂಗಲೆಯಲ್ಲಿ ಫೋನ್ ಲೈನಿನ ಇಂಟರ್‌ನೆಟ್ ಇತ್ತು, ವೈಫೈ ಇತ್ತು. ಆಚೆಯ ಕಾಟೇಜಿನಲ್ಲಿ ಮೊಬೈಲಿಗೇ ಸರಿಯಾಗಿ ಸಿಗ್ನಲ್ ಇರಲಿಲ್ಲ. ಹೊಸ ವರ್ಷಕ್ಕೆ ಬರುವ ಅತಿಥಿಗಳಿಗೆ ಹಳ್ಳದ ಪಕ್ಕ ಬೆಂಕಿ ಹಾಕಿ ಕೂರುವ ಜಾಗದಲ್ಲೂ ಇಂಟರ್‌ನೆಟ್ ಸಿಗಬೇಕು ಎಂದು ಮೋಹನ್ ಹಾಸನದಿಂದ ನಟರಾಜ್ ಎಂಬುವನನ್ನು ಕರೆಸಿದರು. ಕಂಪ್ಯೂಟರ್ ರಿಪೇರಿ, ಕೇಬಲ್ ಎಳೆಯುವುದು, ಇಂಥದ್ದೇ ಅವನ ಕೆಲಸ.

ನಾವು ಅಲ್ಲಿಗೆ ಹೋಗುವ ಮೊದಲು ನಡೆದದ್ದೆಲ್ಲ ಆಮೇಲೆ ನಟರಾಜನೇ ನನಗೆ ಹೇಳಿದ್ದು. ಮೊದಲು ಬಂಗಲೆಯ ಜಗಲಿಯಲ್ಲೇ ದೊಡ್ಡ ಆಂಟೆನಾ ಹಾಕಿ ನೋಡಿದ. ಗುಡ್ಡ ದಾಟಲಿಲ್ಲ. ಸ್ಟೋರಿನ ಮಾಡಿನ ಮೇಲೆ ಆಕ್ಸೆಸ್ ಪಾಯಿಂಟ್ ಎಂಬ ವೈಫೈ ಹರಡುವ ಪೆಟ್ಟಿಗೆ ಒಂದು, ಕಾಫಿ ಒಣಗಿಸುವ ಕಣದ ಮೂಲೆಯಲ್ಲಿ ಇನ್ನೊಂದು ಕೂರಿಸಿದ. ಕಣದ ತನಕ ಚೆನ್ನಾಗಿ ಬಂತು. ಅಲ್ಲಿಂದ ಮೇಲೆ ಬರೀ ಮರ, ಎಲೆ. ಬೆಳಗಿನ ಇಬ್ಬನಿ ಬಿದ್ದು ಎಲೆ ಒದ್ದೆಯಾದರಂತೂ ಸಿಗ್ನಲ್ ಅಲ್ಲೇ ಸಾಯುತ್ತಿತ್ತು. ಗುಡ್ಡದ ನೆತ್ತಿಯಲ್ಲಿ ಎತ್ತರದ ಒಂದು ಜಾಗ ಬೇಕು, ಅಲ್ಲಿಂದ ಒಂದು ಪೆಟ್ಟಿಗೆ ಬಂಗಲೆಯ ಕಡೆ ಮುಖ ಮಾಡಬೇಕು, ಇನ್ನೊಂದು ಕಾಟೇಜಿನ ಕಡೆ, ನಡುವೆ ಎಲೆ ಅಡ್ಡ ಇರಬಾರದು ಎಂದು ಅವನು ಎಸ್ಟೇಟಿನ ಲೆಕ್ಕ, ಆಳು ನೋಡಿಕೊಳ್ಳುವ ರೈಟರ್ ರಂಗಸ್ವಾಮಿಗೆ ಹೇಳಿದ. ರಂಗಸ್ವಾಮಿ ದೊಡ್ಡಮ್ಮನ ಸಿಲ್ವರ್ ಮರ ತೋರಿಸಿದ.

ಆ ವಾರ ದೊಡ್ಡಮ್ಮ ಊರಲ್ಲಿರಲಿಲ್ಲ. ನನ್ನ ತಂಗಿಯ ಸೀಮಂತಕ್ಕೆಂದು ಬಾಳ್ಳುಪೇಟೆಯ ನಮ್ಮ ಮನೆಗೆ ಬಂದಿದ್ದರು. ಹಾಸನದಲ್ಲಿ ಕಂಪ್ಯೂಟರ್ ಕಲಿತು ಬಂದು ನಾನೂ ಆಗ ಮನೆಯಲ್ಲೇ ಇದ್ದೆ. ಕಾರ್ಯ ಮುಗಿದ ಮೇಲೆ ಅವರ ಜೊತೆ ನಾನೂ ಹೊರಟೆ. ಬಸ್ಸಿಳಿದು, ಎಸ್ಟೇಟಿನ ಗೇಟು ದಾಟಿ, ಅವರ ತೋಟಕ್ಕೆ ಹೋಗುವ ದಾರಿ ಹಿಡಿದೆವು. ಏರು ಹತ್ತುವಾಗಲೇ ದೊಡ್ಡಮ್ಮ ನಿಂತುಬಿಟ್ಟರು.

"ಏನೇ ಅದು?"

ಮರದ ಒಂದು ಬದಿ ಬೋಳಾಗಿತ್ತು. ಇಳಿಬದಿಯ ರೆಂಬೆಗಳನ್ನೆಲ್ಲ ಕಾಂಡಕ್ಕೆ ಸಮನಾಗಿ ಕಡಿದಿದ್ದರು. ಮೆಣಸಿನ ಬಳ್ಳಿಯನ್ನು ಬುಡದಿಂದ ಮೇಲಿನ ತನಕ ಒಂದು ಪಟ್ಟಿಯ ಹಾಗೆ ಸೀಳಿ ಎಳೆದು ಹಾಕಿದ್ದರು. ಇನ್ನೆರಡು ತಿಂಗಳಿಗೆ ಬಲಿಯಬೇಕಾದ ಹಸಿ ಮೆಣಸಿನ ಗೊನೆಗಳು ನೆಲದಲ್ಲಿ ಬಾಡಿ ಕಪ್ಪಗಾಗಿದ್ದವು. ಕಡಿದ ಕೊಂಬೆಗಳು ಕಾಫಿ ಗಿಡದ ಮೇಲೇ ಬಿದ್ದಿದ್ದವು. ಕೆಳಗಿನ ಕಾಫಿಗೆ ನೆರಳಿರಲಿಲ್ಲ. ಮೇಲೆ, ಕಬ್ಬಿಣದ ಪಟ್ಟಿ ಬಿಗಿದು, ಬಿಳಿ ಬಣ್ಣದ ಎರಡು ಪೆಟ್ಟಿಗೆಗಳನ್ನು ಒಂದು ಈ ಕಡೆಗೆ, ಒಂದು ಆ ಕಡೆಗೆ ಕೂರಿಸಿದ್ದರು. ಕಪ್ಪು ಕೇಬಲ್ಲು ಗಿಡಗಳ ನಡುವೆ ಹಾದು, ಬೇಲಿಯಾಚೆ ಎಸ್ಟೇಟಿನ ನೀರಿನ ಟ್ಯಾಂಕಿನ ಶೆಡ್ಡಿಗೆ ಹೋಗಿತ್ತು.

ದೊಡ್ಡಮ್ಮ ಕೂಗಾಡುತ್ತಾರೆ ಎಂದುಕೊಂಡಿದ್ದೆ. ಅವರು ಕೂಗಲಿಲ್ಲ. ಬಿದ್ದ ಬಳ್ಳಿಯ ಒಂದು ತುಂಡು ಎತ್ತಿಕೊಂಡು ನೇರ ಮನೆಗೆ ನಡೆದರು. ದೊಡ್ಡಪ್ಪ ಅಂಗಳದಲ್ಲಿ ಅಡಿಕೆ ಹಾಳೆ ಬಿಡಿಸುತ್ತಾ ಕೂತಿದ್ದರು. ಹೆಂಡತಿಯ ಮುಖ ನೋಡಿದ್ದೇ ಕೈ ನಿಂತಿತು.

"ಯಾರನ್ನ ಕೇಳಿ ಹತ್ತಿದ್ರು ಅವ್ರು?"

"ರೈಟ್ರು ಹೊಸಕೋಟೆ ಹೋಟ್ಲಲ್ಲಿ ಸಿಕ್ಕಿದ್ರು. ಎಂತದೋ ಡಬ್ಬ ಕಟ್ತೀವಿ, ಮರಕ್ಕೇನೂ ಆಗಕಿಲ್ಲ ಅಂದ್ರು. ಆಯ್ತು ಬುಡಿ ಅಂದೆ."

"ಯಾರ ಮರ ಅದು?"

"ನಮ್ಮದು."

"ನಮ್ಮದು ಅಂದ್ರೆ ಯಾರದು?"

ದೊಡ್ಡಪ್ಪ ಹಾಳೆಯನ್ನು ಪಕ್ಕಕ್ಕಿಟ್ಟರು.

"ನಾನು ಸತ್ತೋಗಿದ್ನಾ? ಬಾಳ್ಳುಪೇಟೆಗೆ ಹೋಗಿದ್ದೆ ಕಣ್ರೀ, ಕಾಶಿಗಲ್ಲ. ನಾಕು ದಿನ ತಡೀರಿ, ಅವಳು ಬರ್ಲಿ ಅನ್ನಕ್ಕೆ ನಿಮ್ಮ ಬಾಯಿಗೇನಾಗಿತ್ತು?"

"ಇಷ್ಟೆಲ್ಲ ಕಡೀತಾರೆ ಅಂತ ನಂಗೆ ಗೊತ್ತಿರ್ಲಿಲ್ಲ ಪಾರ್ವತಿ."

"ಕಡ್ದಿದ್ದಕ್ಕಲ್ಲ ನಾನು ಕೇಳ್ತಿರೋದು!" ಎಂದು ಅವರು ಕೈಯಲ್ಲಿದ್ದ ಬಳ್ಳಿಯನ್ನು ಅಂಗಳಕ್ಕೆ ಬಿಸಾಡಿದರು. "ನನ್ನ ಕೇಳ್ದೆ ಕೊಟ್ರಲ್ಲ, ಅದಕ್ಕೆ."

ಮಾರನೆಯ ಬೆಳಗ್ಗೆ ಅವರು ಎಸ್ಟೇಟಿನ ಬಂಗಲೆಗೆ ಹೊರಟರು. ನನ್ನನ್ನೂ ಕರೆದರು. ದಾರಿಯಲ್ಲಿ ಆ ಪೆಟ್ಟಿಗೆ ಏನು ಮಾಡುತ್ತದೆ ಎಂದು ಕೇಳಿದರು. ತಂತಿಯಿಲ್ಲದೆ ಇಂಟರ್‌ನೆಟ್ಟನ್ನು ಬಂಗಲೆಯಿಂದ ಹಿಡಿದು ಕಾಟೇಜಿಗೆ ದಾಟಿಸುತ್ತದೆ ಎಂದು ಹೇಳಿದೆ. "ರೇಡಿಯೋ ಇದ್ದಂಗೆ ಅನ್ನು" ಎಂದರು. ಅಷ್ಟೇ. ಅದರ ಬಗ್ಗೆ ಅವರಿಗೆ ಬೆರಗೂ ಇರಲಿಲ್ಲ, ಹೆದರಿಕೆಯೂ ಇರಲಿಲ್ಲ.

ಬಂಗಲೆಯ ಮುಂದೆ ನಟರಾಜ್ ಕೇಬಲ್ ಸುರುಳಿ ಬಿಚ್ಚುತ್ತಿದ್ದ. ಮೋಹನ್ ಹೊರಗೆ ಬಂದು ಕುರ್ಚಿ ಹಾಕಿಸಿದರು. ದೊಡ್ಡಮ್ಮ ಕೂರಲಿಲ್ಲ.

"ಅಮ್ಮ, ನಿಮ್ಮ ಯಜಮಾನರನ್ನ ಕೇಳಿಯೇ ಹಾಕಿರೋದು," ಎಂದರು ಮೋಹನ್. ಧ್ವನಿ ನಯವಾಗಿತ್ತು. "ಅವರು ಒಪ್ಪಿದಾರೆ."

"ತೋಟ ಯಾರ ಹೆಸ್ರಲ್ಲೈತೆ ಅಂತ ನಿಮ್ಗೆ ಗೊತ್ತಿಲ್ವಾ? ನಿಮ್ಮಪ್ಪ ಅದನ್ನ ಕೊಂಡ್ಕೋಬೇಕು ಅಂತ ನಮ್ಮವ್ವನ ಮನೆ ಬಾಗ್ಲಿಗೆ ಎಷ್ಟು ಸಲ ಬಂದಿದ್ರು. ಆಗ ಗೊತ್ತಿತ್ತು, ಈಗ ಮರೆತ್ಹೋಯ್ತಾ?"

"ಗಂಡ ಹೆಂಡತಿ ಬೇರೆ ಬೇರೆ ಅಂತ ನಾವು ಅಂದ್ಕೊಳ್ಳಲಿಲ್ಲ ಅಮ್ಮ. ಮೆಣಸಿಗೆ ಏನಾಗಿದೆಯೋ ಹೇಳಿ, ಕೊಟ್ಟುಬಿಡೋಣ. ನಿಮ್ಮ ಮನೆಗೂ ವೈಫೈ ಸಿಗುತ್ತೆ, ಪಾಸ್‌ವರ್ಡ್ ಕೊಡ್ತೀನಿ. ನಿಮ್ಮ ಹುಡುಗಿ ಕಂಪ್ಯೂಟರ್ ಕಲಿತಿದಾಳಲ್ಲ."

"ನಂಗೆ ಬೇಕೋ ಬೇಡ್ವೋ ಅಂತ ಹೇಳೋಳು ನಾನು. ಮರ ಹತ್ತಕ್ಕೆ ಮೊದ್ಲು ಬಂದು ಕೇಳಿದ್ರೆ ಆ ಮಾತಿಗೆ ಬೆಲೆ ಇತ್ತು." ಆಮೇಲೆ ನಟರಾಜನ ಕಡೆ ತಿರುಗಿದರು. "ನೀನು ಹೇಳಪ್ಪ. ಬೇಲಿಯಾಚೆ ಟ್ಯಾಂಕ್ ಐತಲ್ಲ ಇವ್ರದ್ದು, ಅಲ್ಲಿ ಯಾಕೆ ಹಾಕ್ಲಿಲ್ಲ?"

ನಟರಾಜ್ ಸಾಹುಕಾರರ ಮುಖ ನೋಡಿದ. ಸುಳ್ಳು ಹೇಳಲು ಅವನಿಗೆ ಮನಸ್ಸಾಗಲಿಲ್ಲ. "ಹಾಕ್ಬಹುದಿತ್ತಮ್ಮ. ಆ ಜಾಗ ಸ್ವಲ್ಪ ತಗ್ಗು. ಕಬ್ಬಿಣದ ಕಂಬ ನಿಲ್ಲಿಸ್ಬೇಕಿತ್ತು, ಕಾಂಕ್ರೀಟ್ ಹಾಕ್ಬೇಕಿತ್ತು. ರೈಟ್ರು, ಮರ ರೆಡಿಯಾಗಿ ಐತಲ್ಲ ಅಂದ್ರು. ಅದು ಎಸ್ಟೇಟಿನ ಮರ ಅಂತಲೇ ನಾನು ತಿಳ್ಕೊಂಡಿದ್ದೆ."

"ಮರ ರೆಡಿಯಾಗಿ ಐತೆ," ಎಂದು ದೊಡ್ಡಮ್ಮ ಆ ಮಾತನ್ನು ಮತ್ತೆ ಹೇಳಿದರು. "ಇಳಿಸಿ. ಇವತ್ತೇ ಇಳಿಸಿ."

ಮೋಹನ್ ಅವರ ನಯ ಅಲ್ಲಿಗೆ ಮುಗಿಯಿತು. "ಹೊಸ ವರ್ಷಕ್ಕೆ ಎಲ್ಲ ರೂಮೂ ಬುಕ್ಕಾಗಿವೆ. ಇಂಟರ್‌ನೆಟ್ ಇದೆ ಅಂತ ಹೇಳಿ ಬುಕ್ ಮಾಡಿಸಿದೀವಿ. ಜನ ಹೋದ ಮೇಲೆ ನೋಡೋಣ. ಇಷ್ಟು ವರ್ಷ ನಮ್ಮ ಗೇಟಿನ ದಾರಿಯಲ್ಲಿ ಓಡಾಡಿದೀರಿ, ನಾವು ಯಾವತ್ತಾದರೂ ಏನಾದರೂ ಅಂದಿದೀವಾ? ಸ್ವಲ್ಪ ಯೋಚನೆ ಮಾಡಿ."

ಅದು ಬೆದರಿಕೆ. ನನಗೇ ಅರ್ಥವಾಯಿತು. ದೊಡ್ಡಮ್ಮ ತಿರುಗಿ ನಡೆದರು. ಅವರ ಹಿಂದೆ ಓಡಿಬಂದ ರಂಗಸ್ವಾಮಿ, "ಸಾಹುಕಾರ್ರನ್ನ ಎದ್ರು ಹಾಕ್ಕೋಬೇಡಿ ಪಾರ್ವತಮ್ಮ, ಹೊಂದ್ಕೊಂಡು ಹೋಗಿ ಮಾರಾಯ್ರೆ" ಎಂದ. ಮನೆಗೆ ಬಂದ ಅಕ್ಕಪಕ್ಕದವರೂ ಅದನ್ನೇ ಹೇಳಿದರು. ಒಂದು ಡಬ್ಬಕ್ಕೆ ಇಷ್ಟು ರಂಪವೇ ಎಂದರು. ದಾರಿ ಮುಚ್ಚಿದರೆ ಮೂಟೆ ಹೊರುವುದು ಹೇಗೆ ಎಂದರು. ಮೆಣಸಿನ ಬಳ್ಳಿ ಕೀಳಿಸಿದವನನ್ನು ಯಾರೂ ಬೈಯಲಿಲ್ಲ, ಬಳ್ಳಿ ನೆಟ್ಟವರಿಗೇ ಬುದ್ಧಿ ಹೇಳಿದರು. ದೊಡ್ಡಮ್ಮ ಎಲ್ಲರಿಗೂ ಕಾಫಿ ಕೊಟ್ಟರೇ ಎಂದು ನೀವು ಕೇಳಬಹುದು. ಇಲ್ಲ, ಒಬ್ಬರಿಗೂ ಕೊಡಲಿಲ್ಲ.

ಮರುದಿನ ಬೆಳಗ್ಗೆ ಅವರು ಹೋಗಿ ಸಿದ್ದಯ್ಯನನ್ನು ಕರೆತಂದರು. ಸಿದ್ದಯ್ಯ ಆ ಭಾಗದಲ್ಲಿ ಮರ ಉರುಳಿಸುವ ಕೆಲಸದವನು. ಹೆಗಲ ಮೇಲೆ ಯಂತ್ರದ ಗರಗಸ, ಹಗ್ಗ. ಪೆಟ್ಟಿಗೆ ಇಳಿಸಲು ಕರೆದಿದ್ದಾರೆ ಎಂದು ನಾನೂ ದೊಡ್ಡಪ್ಪನೂ ತಿಳಿದಿದ್ದೆವು. ಮರದ ಹತ್ತಿರ ಬಂದು ನೋಡಿದ ಸಿದ್ದಯ್ಯನೂ ಹಾಗೇ ತಿಳಿದ.

"ಇದೆಷ್ಟೊತ್ತು ಬುಡಿ ಅಮ್ಮ, ಹತ್ತಿ ಬಿಚ್ಚಿ ಎಸ್ದು ಬತ್ತೀನಿ."

"ಡಬ್ಬ ಮುಟ್ಬೇಡ. ಅದು ಅವ್ರದ್ದು. ಮರ ನಂದು, ಮರ ಕಡಿ."

ಸಿದ್ದಯ್ಯ ಅವರ ಮುಖವನ್ನೂ ದೊಡ್ಡಪ್ಪನ ಮುಖವನ್ನೂ ನೋಡಿದ. "ಬಳ್ಳಿ ಇನ್ನೂ ಮುಕ್ಕಾಲು ಐತಲ್ಲಮ್ಮ. ಇಂಥ ಮರ..."

"ಅವ್ರ ಮುಖ ಯಾಕ್ ನೋಡ್ತೀಯಾ? ಹೇಳ್ತಿರೋಳು ನಾನು."

"ದೊಡ್ಡಮ್ಮ," ಎಂದೆ ನಾನು, "ಡಬ್ಬ ಇಳಿಸಿದ್ರೆ ಸಾಕಲ್ಲ, ಮರ ಯಾಕೆ?"

"ಇವತ್ತು ಇಳಿಸ್ತೀನಿ, ನಾಳೆ ನಾನು ಸಂತೆಗೆ ಹೋದಾಗ ಇವ್ರು ಹೋಟ್ಲಲ್ಲಿ ಆಯ್ತು ಬುಡಿ ಅಂತಾರೆ. ಮತ್ತೆ ಹತ್ತಿಸ್ತಾರೆ. ಮರ ಇರೋಗಂಟ ಅವ್ರ ಕಣ್ಣು ಇದ್ರ ಮೇಲೇ. ಸಿಲ್ವರ್ ಕಡಿಯಕ್ಕೆ ಯಾರ ಪರ್ಮಿಶನ್ನೂ ಬೇಡ. ಕಡಿ ಸಿದ್ದಯ್ಯ."

ಗರಗಸ ಚಾಲೂ ಮಾಡುವ ಮೊದಲು ಎಸ್ಟೇಟಿಗೆ ಸುದ್ದಿ ಕೊಡು ಎಂದು ನನ್ನನ್ನೇ ಕಳಿಸಿದರು. ನಟರಾಜ್ ಏದುಸಿರು ಬಿಡುತ್ತಾ ಓಡಿ ಬಂದ. "ಅಮ್ಮ, ನಂಗೊಂದೈದು ನಿಮಿಷ ಕೊಡಿ" ಎಂದು ಏಣಿ ಹಾಕಿ ಹತ್ತಿ ಎರಡೂ ಪೆಟ್ಟಿಗೆ ಬಿಚ್ಚಿ, ಕೇಬಲ್ ಸುತ್ತಿಕೊಂಡು ಇಳಿದ. ಕೆಳಗೆ ನಿಂತು, "ತಪ್ಪಾಯ್ತಮ್ಮ" ಎಂದ. ದೊಡ್ಡಮ್ಮ ಅವನಿಗೆ, "ನಿನ್ನದೇನಿಲ್ಲ ಹೋಗಪ್ಪ. ಇನ್ಮೇಲೆ ಯಾವ್ದಾದ್ರೂ ಮರ ಹತ್ತೋವಾಗ ಯಾರದ್ದು ಅಂತ ಕೇಳು" ಎಂದರು.

ಅಷ್ಟರಲ್ಲಿ ಮೋಹನ್ ಜೀಪಿನಲ್ಲಿ ಬೇಲಿಯ ತನಕ ಬಂದಿದ್ದರು. ಸಿದ್ದಯ್ಯ ಮರದ ಮೇಲ್ಭಾಗಕ್ಕೆ ಹಗ್ಗ ಕಟ್ಟಿ, ಅದರ ತುದಿ ಹಿಡಿಯಲು ಜನ ಬೇಕು, ಇಲ್ಲದಿದ್ದರೆ ಮರ ಕಾಫಿಯ ಮೇಲೆ ಬೀಳುತ್ತದೆ ಎಂದ. ದೊಡ್ಡಮ್ಮ ಹಗ್ಗಕ್ಕೆ ಕೈ ಹಾಕಿದರು. ಆಗ ದೊಡ್ಡಪ್ಪ ಎದ್ದು ಬಂದು ಹಗ್ಗವನ್ನು ಅವರ ಮುಂದೆ ನಿಂತು ಹಿಡಿದರು. ಅವರ ಹಿಂದೆ ದೊಡ್ಡಮ್ಮ, ಅವರ ಹಿಂದೆ ನಾನು.

"ದೇವೀರಪ್ಪನೋರೇ," ಎಂದು ಮೋಹನ್ ಬೇಲಿಯಿಂದ ಕೂಗಿದರು, "ನೀವಾದ್ರೂ ಹೇಳ್ರೀ! ನೀವು ಒಪ್ಪಿದ್ರಲ್ರೀ!"

ದೊಡ್ಡಪ್ಪ ಅವರ ಕಡೆ ತಿರುಗಿ, "ಮರ ನಂದಲ್ಲ ಸಾಹುಕಾರ್ರೇ. ಒಪ್ಪಿದ್ದೇ ತಪ್ಪು" ಎಂದರು. ಆ ಮನುಷ್ಯ ಗಟ್ಟಿ ಧ್ವನಿಯಲ್ಲಿ ಮಾತಾಡಿದ್ದನ್ನು ನಾನು ಕೇಳಿದ್ದು ಅದೇ ಮೊದಲು.

ಮರ ಬೀಳುವುದಕ್ಕೆ ಬಹಳ ಹೊತ್ತು ಬೇಕಾಗಲಿಲ್ಲ. ಮೊದಲು ತುದಿ ಅಲುಗಿತು, ಆಮೇಲೆ ಇಡೀ ಆಕಾಶ ವಾಲಿದ ಹಾಗೆ ವಾಲಿತು. ಬಿದ್ದ ಸದ್ದಿಗೆ ಕೆಳಗೆ ಹಡ್ಲಿನ ಕೆಸರುಗದ್ದೆಯಲ್ಲಿದ್ದ ಬೆಳ್ಳಕ್ಕಿಗಳೆಲ್ಲ ಎದ್ದವು. ದೊಡ್ಡಮ್ಮ ಅಳುತ್ತಾರೆ ಎಂದು ನಾನು ಅವರನ್ನೇ ನೋಡುತ್ತಿದ್ದೆ. ಅಳಲಿಲ್ಲ. ಬೇಲಿಯ ಹತ್ತಿರ ಹೋಗಿ ನಿಂತು ಹೇಳಿದರು:

"ನೋಡಿ ಸಾಹುಕಾರ್ರೇ, ಇದು ನನ್ನ ಕೈಯಾರೆ ನೆಟ್ಟ ಮರ. ನನ್ನ ಹೊಟ್ಟೆ ಉರೀತೈತೆ. ಆದ್ರೆ ನೀವು ಕೇಳ್ದೆ ಹತ್ತಿದ ದಿನ ಉರಿದಷ್ಟು ಉರೀತಿಲ್ಲ. ಇನ್ನು ಅದ್ರ ಮೇಲೆ ಏನು ಕಟ್ತೀರೋ ಕಟ್ಕೊಳ್ಳಿ."

ಮೋಹನ್ ಜೀಪು ತಿರುಗಿಸಿದರು.

ಮಧ್ಯಾಹ್ನ ದೊಡ್ಡಪ್ಪ ಬುಟ್ಟಿ ತಂದು, ಉರುಳಿದ ಕಾಂಡದ ಪಕ್ಕ ಕೂತು, ಬಳ್ಳಿಯಲ್ಲಿ ಉಳಿದಿದ್ದ ಎಳೆ ಮೆಣಸಿನ ಗೊನೆ ಬಿಡಿಸತೊಡಗಿದರು. ಒಣಗಿಸಿದರೆ ಜೊಳ್ಳಾಗುವ ಮೆಣಸು. ಉಪ್ಪಿನಕಾಯಿಗಷ್ಟೇ ಬರುತ್ತದೆ. ಸ್ವಲ್ಪ ಹೊತ್ತಿನ ಮೇಲೆ ದೊಡ್ಡಮ್ಮನೂ ಕಾಂಡದ ಈ ಬದಿಗೆ ಬಂದು ಕೂತರು. ನಡುವೆ ಮರ. ಇಬ್ಬರೂ ಬಿಡಿಸುತ್ತಲೇ ಇದ್ದರು.

"ನಿನ್ನ ಕೇಳ್ಬೇಕಿತ್ತು," ಎಂದರು ದೊಡ್ಡಪ್ಪ.

"ಹೂಂ."

ಅಷ್ಟೇ ಮಾತು. ಆದರೆ ಸಿಟ್ಟು ಅಲ್ಲಿಗೆ ಇಳಿಯಿತು ಎಂದುಕೊಳ್ಳಬೇಡಿ. ಶಿವರಾತ್ರಿಯ ತನಕ ದೊಡ್ಡಮ್ಮ ಗಂಡನ ಜೊತೆ ಕೆಲಸಕ್ಕೆ ಬೇಕಾದಷ್ಟು ಬಿಟ್ಟು ಮಾತಾಡಲಿಲ್ಲ. ನೆರಳು ಹೋದ ಜಾಗದಲ್ಲಿ ಆ ಬೇಸಿಗೆ ಕಾಫಿ ಎಲೆ ಸುಟ್ಟು ಹಳದಿಯಾಯಿತು. ಅದನ್ನು ನೋಡಿದಾಗೆಲ್ಲ ಅವರು ದೊಡ್ಡಪ್ಪನನ್ನೂ ಬೈದರು, ರಂಗಸ್ವಾಮಿಯನ್ನೂ ಬೈದರು, ತಮ್ಮನ್ನೂ ಬೈದುಕೊಂಡರು.

ಎಸ್ಟೇಟಿನವರು ಹೊಸ ವರ್ಷಕ್ಕೆ ಬಂದ ಅತಿಥಿಗಳಿಗೆ ಏನು ಹೇಳಿದರೋ ತಿಳಿಯದು. ಸಂಕ್ರಾಂತಿ ಮುಗಿಯುವ ಹೊತ್ತಿಗೆ ನೀರಿನ ಟ್ಯಾಂಕಿನ ಪಕ್ಕ ಗುಂಡಿ ತೋಡಿ, ಕಾಂಕ್ರೀಟ್ ಸುರಿದು, ಎತ್ತರದ ಕಬ್ಬಿಣದ ಕಂಬ ನಿಲ್ಲಿಸಿದರು. ಅದೇ ಎರಡು ಪೆಟ್ಟಿಗೆ ಅದರ ಮೇಲೆ ಕೂತವು. ಕಾಟೇಜಿನಲ್ಲೂ, ಹಳ್ಳದ ಬೆಂಕಿಯ ಪಕ್ಕದಲ್ಲೂ ಇಂಟರ್‌ನೆಟ್ ಬಂತು. ಮೊದಲೇ ಮಾಡಬಹುದಾಗಿದ್ದ ಕೆಲಸ. ಕಂಬ ಎದ್ದ ದಿನ ದೊಡ್ಡಮ್ಮ ಅಂಗಳದಲ್ಲಿ ನಿಂತು ಅದನ್ನು ತುಂಬ ಹೊತ್ತು ನೋಡಿದರು. "ಇದಕ್ಕೆ ನನ್ನ ಮರ ತಿಂದ್ರಲ್ಲೇ" ಎಂದು ನನಗೆ ಫೋನಿನಲ್ಲಿ ಹೇಳಿದರು.

ಗೇಟಿಗೆ ಬೀಗವೂ ಬಿತ್ತು. ಈಗ ಬಸ್ಸಿನ ರಸ್ತೆಗೆ ಹೋಗಬೇಕಾದರೆ ಹಡ್ಲು ಬಳಸಿ ಹೋಗಬೇಕು. ಮಳೆಗಾಲದಲ್ಲಿ ಆ ದಾರಿಯಲ್ಲಿ ಕಾಲು ಮೊಣಕಾಲಿನ ತನಕ ಹೂತುಹೋಗುತ್ತದೆ. ರೇಷನ್ ಅಕ್ಕಿಯನ್ನು ದೊಡ್ಡಪ್ಪ ತಲೆಯ ಮೇಲೆ ಹೊತ್ತು ತರುತ್ತಾರೆ. ಬುದ್ಧಿ ಹೇಳಿದ್ದ ಅಕ್ಕಪಕ್ಕದವರು, "ನಾವು ಹೇಳಿರ್ಲಿಲ್ವಾ" ಎನ್ನುತ್ತಾರೆ. ಬೀಗ ಹಾಕಿದವರಿಗೆ ಏನೂ ಹೇಳುವುದಿಲ್ಲ.

ಆ ವರ್ಷದ ಗ್ರಾಮಸಭೆಯಲ್ಲಿ ದೊಡ್ಡಮ್ಮ ಎದ್ದು ನಿಂತರು. ಮೋಹನ್ ಮುಂದಿನ ಸಾಲಿನಲ್ಲಿದ್ದರು. "ನಮ್ಮವ್ವನ ಕಾಲದಿಂದ ನಡೆದ ದಾರಿ ಅದು. ತೆಗೀತೀರೋ ಇಲ್ವೋ, ಇಲ್ಲೇ ಎಲ್ಲರ ಮುಂದೆ ಹೇಳಿ" ಎಂದರು. ಪಂಚಾಯ್ತಿ ಅಧ್ಯಕ್ಷರು, ನಿಮ್ಮ ಯಜಮಾನರ ಹತ್ತಿರ ಮಾತಾಡುತ್ತೇವೆ, ನೀವು ಕೂತುಕೊಳ್ಳಿ ಎಂದು ದೊಡ್ಡಪ್ಪನ ಕಡೆ ಕೈ ತೋರಿಸಿದರು. ದೊಡ್ಡಪ್ಪ ಕೂತಲ್ಲಿಂದಲೇ, "ಅವ್ಳ ಹತ್ರನೇ ಮಾತಾಡಿ" ಎಂದರು. ಮೋಹನ್ ಯೋಚಿಸುತ್ತೇನೆ ಎಂದರು. ಬೀಗ ಇನ್ನೂ ಇದೆ. ದೊಡ್ಡಮ್ಮ ಆಮೇಲೆ ಒಂದು ಗ್ರಾಮಸಭೆಯನ್ನೂ ತಪ್ಪಿಸಿಲ್ಲ, ಕೂತುಕೊಳ್ಳಿ ಎಂದರೆ ಕೂತೂ ಇಲ್ಲ.